ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಕಾರಿನಲ್ಲಿ ಹೋಗುವುದು ಸರಿಯಾ? ಕೊಡಗಿನ ಅಪ್ಪ ಅಮ್ಮಂದಿರು ಹೇಳಿ

ವಿರಾಜಪೇಟೆ ಅಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಈಗ ಎಂಟು ತಿಂಗಳು. ಹೋದ ವಾರ ಮೈಸೂರಿನ ತಂಗಿ ಮನೆಗೆ ಹೊರಟಿದ್ದೆವು. ಯಜಮಾನರು ಕಾರು ಓಡಿಸುತ್ತಿದ್ದರು. ನಾನು ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ಕೂತಿದ್ದೆ. ಮಗು ನನ್ನ ಮಡಿಲಲ್ಲಿ ನಿದ್ದೆ ಮಾಡುತ್ತಿತ್ತು. ತಿತಿಮತಿ ದಾಟಿ ಆನೆಚೌಕೂರು ಕಡೆ ಹೋಗುವಾಗ ಪೊದೆಯಿಂದ ಒಂದು ಆನೆ ಸೀದಾ ರಸ್ತೆಗೆ ಬಂತು. ಇವರು ಬ್ರೇಕ್ ಒತ್ತಿದರು. ಆಗ ನಮ್ಮ ವೇಗ 40 ಇದ್ದಿರಬೇಕು, ಅಷ್ಟೇ. ಕಾರು ಏನಕ್ಕೂ ತಾಗಲಿಲ್ಲ. ಆನೆ ದಾಟಿ ಹೋಯಿತು.

ಆದರೆ ಮಗು ನನ್ನ ಕೈಯಿಂದ ಜಾರಿ ಮುಂದಿನ ಸೀಟಿನ ಬೆನ್ನಿಗೆ ಹಣೆ ಹೊಡೆದುಕೊಂಡಿತು. ನಾನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಆದರೂ ನಿಲ್ಲಲಿಲ್ಲ. ಹಣೆಯಲ್ಲಿ ನೆಲ್ಲಿಕಾಯಿ ಗಾತ್ರ ಊದಿತು. ಡಾಕ್ಟರಿಗೆ ತೋರಿಸಿದೆವು, ಏನೂ ತೊಂದರೆ ಇಲ್ಲ ಅಂದರು. ಆದರೆ ಆ ಒಂದು ಕ್ಷಣ ನನ್ನ ಕೈ ಖಾಲಿಯಾದದ್ದು ಈಗಲೂ ಕಣ್ಣಿಗೆ ಕಟ್ಟುತ್ತದೆ.

ಮಗುವನ್ನು ಪಟ್ಟಿ ಹಾಕಿ ಕೂರಿಸುವ ಕಾರ್ ಸೀಟ್ ತರೋಣ ಅಂತ ನಾನು ಹೇಳುತ್ತಿದ್ದೇನೆ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. "ಕೂಸನ್ನು ಕಟ್ಟಿಹಾಕುವುದಾ?" ಅನ್ನುತ್ತಾರೆ ಅತ್ತೆ. ನಮ್ಮ ತಿರುವಿನ ರಸ್ತೆಯಲ್ಲಿ ಅದರಲ್ಲಿ ಕೂರಿಸಿದರೆ ವಾಂತಿ ಮಾಡುತ್ತದೆ ಅನ್ನುತ್ತಾರೆ ಭಾವ. ಇಲ್ಲಿ ಯಾರಾದರೂ ಬಳಸುತ್ತಿದ್ದೀರಾ? ನಮ್ಮ ಊರಿನ ರಸ್ತೆಗೆ ಆಗಿಬರುತ್ತದಾ?

ಸುಂಟಿಕೊಪ್ಪದ ಅಪ್ಪ

ಅಕ್ಕ, ಮೊದಲು ಒಂದು ಮಾತು. ಕೈ ಜಾರಿದ್ದು ನಿಮ್ಮ ತಪ್ಪಲ್ಲ. ಯಾರ ಕೈಯಲ್ಲೂ ನಿಲ್ಲುವುದಿಲ್ಲ.

ನಾನು ಎಂಜಿನಿಯರಿಂಗ್ ಓದಿದವನು, ಹಾಗಾಗಿ ಲೆಕ್ಕ ಹಾಕಿಯೇ ಹೇಳುತ್ತೇನೆ. ಕಾರು 50 ಕಿ.ಮೀ. ವೇಗದಲ್ಲಿ ಹೋಗಿ ಮರಕ್ಕೆ ಬಡಿಯಿತು ಅಂದುಕೊಳ್ಳಿ. ನಿಲ್ಲುವುದಕ್ಕೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಅಷ್ಟರೊಳಗೆ ನಿಮ್ಮ ಎಂಟು ಕಿಲೋ ಮಗುವನ್ನು ಹಿಡಿದಿಡಲು ಬೇಕಾದ ಬಲ ನೂರು ಕಿಲೋ ಮೂಟೆ ಎತ್ತುವುದಕ್ಕಿಂತ ಜಾಸ್ತಿ. ಕಾಫಿ ಮೂಟೆಯಾದರೆ ಐವತ್ತು ಕಿಲೋ. ಅಂಥ ಎರಡು ಮೂಟೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಬರಿಗೈಯಲ್ಲಿ ತಡೆಯಬೇಕು. ಅದೂ ಮೊದಲೇ ಗೊತ್ತಿಲ್ಲದೆ. ಆಗುತ್ತದಾ?

ಇನ್ನೊಂದು ರೀತಿಯಲ್ಲಿ ಹೇಳಬೇಕೆಂದರೆ, 50ರ ವೇಗದಲ್ಲಿ ಬಡಿಯುವುದು ಸುಮಾರು 10 ಮೀಟರ್ ಎತ್ತರದಿಂದ ಬಿದ್ದ ಹಾಗೆ. ಅಂದರೆ ಮೂರನೇ ಮಹಡಿ. ಮಡಿಲಲ್ಲಿ ಕೂರಿಸಿಕೊಂಡರೆ ಇನ್ನೊಂದು ಅಪಾಯವೂ ಇದೆ, ಯಾರೂ ಅದನ್ನು ಯೋಚಿಸುವುದಿಲ್ಲ. ನೀವು ಬೆಲ್ಟ್ ಹಾಕದೆ ಇದ್ದರೆ ನಿಮ್ಮ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ. ನಿಮಗೂ ಮಗುವಿಗೂ ಸೇರಿಸಿ ಒಂದೇ ಬೆಲ್ಟ್ ಹಾಕಿದರೆ ಬೆಲ್ಟಿಗೂ ನಿಮಗೂ ನಡುವೆ ಮಗು ಅಪ್ಪಚ್ಚಿಯಾಗುತ್ತದೆ. ಎರಡನ್ನೂ ಮಾಡಬೇಡಿ.

ಸಂಪಾಜೆಯವ

ನಾನು ಒಪ್ಪದೆ ಇರುವ ಒಬ್ಬ. ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ 100ರ ವೇಗದಲ್ಲಿ ಹೋಗುವವರಿಗೆ ಇದೆಲ್ಲ ಬೇಕು, ಸರಿ. ನಾವು ಸಂಪಾಜೆ ಘಾಟಿಯಲ್ಲಿ 30ಕ್ಕಿಂತ ಜಾಸ್ತಿ ಎಲ್ಲಿ ಹೋಗುತ್ತೇವೆ? ಮತ್ತೆ ನಮ್ಮ ಕಡೆ ಮಳೆಗಾಲ ಅಂದರೆ ಮಣ್ಣು ಕುಸಿಯುವ ಭಯ. 2018ರ ಆಗಸ್ಟ್ ನೋಡಿದವನು ನಾನು. ಕಾರು ಪಕ್ಕದ ಕೊಲ್ಲಿಗೆ ಉರುಳಿದರೆ, ನೀರಿಗೆ ಬಿದ್ದರೆ, ಮಗುವನ್ನು ಎಳೆದುಕೊಂಡು ಹೊರಗೆ ಬರಬೇಕು. ಅಷ್ಟೊಂದು ಪಟ್ಟಿ ಬಿಚ್ಚುತ್ತಾ ಕೂರುವುದಕ್ಕೆ ಆಗುತ್ತದಾ? ನನ್ನ ಇಬ್ಬರು ಮಕ್ಕಳನ್ನೂ ನನ್ನ ಹೆಂಡತಿ ಮಡಿಲಲ್ಲೇ ಕೂರಿಸಿಕೊಂಡು ಬೆಳೆಸಿದ್ದಾಳೆ.

ಸೋಮವಾರಪೇಟೆ ನರ್ಸ್

ಸಂಪಾಜೆಯ ಅಣ್ಣ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆ ವರ್ಷ ನಾವೂ ನೋಡಿದ್ದೇವೆ. ಆದರೆ ಒಂದು ವಿಷಯ. ಕಾರು ಉರುಳುವಾಗ ಬೆಲ್ಟ್ ಇಲ್ಲದವರು ಎಷ್ಟೋ ಸಲ ಒಳಗೇ ಉಳಿಯುವುದಿಲ್ಲ. ಗಾಜು ಒಡೆದು, ಬಾಗಿಲು ತೆರೆದು ಹೊರಗೆ ಎಸೆಯಲ್ಪಡುತ್ತಾರೆ. ಜೀವ ಹೋಗುವುದು ಹೆಚ್ಚಾಗಿ ಹಾಗೆ. ಒಳಗೇ ಇದ್ದರೂ ತಲೆ ಬಡಿದು ಪ್ರಜ್ಞೆ ತಪ್ಪಿದ ಅಮ್ಮ ಮಗುವನ್ನು ಹೇಗೆ ಎತ್ತಿಕೊಳ್ಳುತ್ತಾಳೆ? ಕಟ್ಟಿಕೊಂಡಿದ್ದರೆ ಎಚ್ಚರ ಇರುತ್ತದೆ, ಬಿಚ್ಚುವುದಕ್ಕೆ ಕೈ ಇರುತ್ತದೆ. ಮಗುವಿನ ಸೀಟಿನಲ್ಲಿ ಐದು ಪಟ್ಟಿ ಇದ್ದರೂ ಎಲ್ಲ ಸೇರುವುದು ಒಂದೇ ಕೊಂಡಿಗೆ. ಮಧ್ಯದಲ್ಲಿ ಕೆಂಪು ಗುಂಡಿ ಇರುತ್ತದೆ, ಜೋರಾಗಿ ಒತ್ತಿದರೆ ಎಲ್ಲವೂ ಬಿಚ್ಚಿಕೊಳ್ಳುತ್ತದೆ. ಮನೆಯಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿ ನೋಡಿ.

30ರ ವೇಗದ ಮಾತಿಗೆ ಬರುತ್ತೇನೆ. ನೀವು 30ರಲ್ಲಿ ಹೋಗುತ್ತೀರಿ. ಎದುರಿನಿಂದ ಇಳಿಜಾರಿನಲ್ಲಿ ಬರುವ ಲಾರಿ 30ರಲ್ಲಿ ಬರುತ್ತದೆ ಅಂತ ಯಾರು ಹೇಳಿದರು? ಮಂಜು ಮುಸುಕಿದಾಗ ತಿರುವಿನಲ್ಲಿ ಅದು ನಮ್ಮ ಕಡೆಗೇ ಬರುತ್ತದೆ, ಅಲ್ವಾ?

ನಾನು ನೋಡಿದ್ದನ್ನು ಜಾಸ್ತಿ ಬರೆಯಲಾರೆ. ಎಳೆ ಮಕ್ಕಳ ತಲೆ ಮೈಗೆ ಹೋಲಿಸಿದರೆ ತುಂಬಾ ದೊಡ್ಡದು. ಹುಟ್ಟಿದ ಮಗುವಿನ ಉದ್ದದಲ್ಲಿ ನಾಲ್ಕನೇ ಒಂದು ಭಾಗ ತಲೆಯೇ. ಕುತ್ತಿಗೆಯ ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಅದಕ್ಕೇ ಸಣ್ಣ ಮಗುವಿನ ಸೀಟನ್ನು ಕಾರಿನ ಹಿಂಭಾಗಕ್ಕೆ ಮುಖ ಮಾಡಿ ಇಡುವುದು. ಎದುರಿನಿಂದ ಬಡಿದಾಗ ತಲೆ, ಕುತ್ತಿಗೆ, ಬೆನ್ನು ಮೂರೂ ಒಟ್ಟಿಗೆ ಸೀಟಿನ ಬೆನ್ನಿಗೆ ಒತ್ತಿಕೊಳ್ಳುತ್ತವೆ. ಮುಂದಕ್ಕೆ ಮುಖ ಮಾಡಿದ್ದರೆ ಮೈ ನಿಲ್ಲುತ್ತದೆ, ತಲೆ ಮಾತ್ರ ಮುಂದಕ್ಕೆ ಚಿಮ್ಮುತ್ತದೆ. ಸರಿಯಾದ ಸೀಟಿನಿಂದ ಎಳೆ ಕೂಸುಗಳ ಸಾವು ಸುಮಾರು ಶೇ. 70ರಷ್ಟು ಕಡಿಮೆಯಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟು ಕೆಲಸ ಮಾಡುವ ಔಷಧಿ ನಮ್ಮ ಬಳಿ ಎಷ್ಟಿದೆ ಹೇಳಿ.

ಕುಶಾಲನಗರ ಟ್ಯಾಕ್ಸಿ

ನಾನು ಹನ್ನೆರಡು ವರ್ಷದಿಂದ ಟ್ಯಾಕ್ಸಿ ಓಡಿಸುತ್ತಿದ್ದೇನೆ. ಹೆರಿಗೆಗೆ ಮೈಸೂರಿಗೆ ಹೋದ ತಾಯಂದಿರನ್ನು ಕೂಸಿನ ಜೊತೆ ವಾಪಸ್ ಕರೆದುಕೊಂಡು ಬರುವ ಬಾಡಿಗೆ ನನಗೆ ತುಂಬಾ ಸಿಗುತ್ತದೆ. ಇಷ್ಟು ವರ್ಷದಲ್ಲಿ ಕೂಸಿಗೆ ಅಂತ ಸೀಟು ತಂದವರು ಬೆರಳೆಣಿಕೆ. ಮೂರು ದಿನದ ಕೂಸನ್ನು ಟವೆಲಿನಲ್ಲಿ ಸುತ್ತಿ, ಮುಂದಿನ ಸೀಟಿನಲ್ಲಿ ಅಜ್ಜಿ ಹಿಡಿದುಕೊಂಡು ಕೂರುತ್ತಾರೆ. ಹಿಂದೆ ಕೂರಿ ಅಂದರೆ ಬಾಣಂತಿ ಮಲಗಬೇಕು ಅನ್ನುತ್ತಾರೆ. ಅಂಥ ದಿನ ಆನೆಕಾಡು ದಾಟುವವರೆಗೆ ನನಗೆ ಉಸಿರು ಕಟ್ಟಿದ ಹಾಗೆ ಆಗುತ್ತದೆ.

ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಹೊಸ ಕಾರು ತಂದ ದಿನವೇ ಸೀಟ್ ಕವರ್ ಹಾಕಿಸುತ್ತೇವೆ. ಹಿಂದಿನ ಸೀಟಿನ ಬೆಲ್ಟಿನ ಕೊಂಡಿಗಳು ಕವರಿನ ಅಡಿಗೆ ಹೋಗಿಬಿಡುತ್ತವೆ. ಆಮೇಲೆ ಯಾರು ಕೇಳಿದರೂ "ಹಿಂದೆ ಬೆಲ್ಟ್ ಇಲ್ಲ ಸರ್" ಅನ್ನುತ್ತೇವೆ. ನಾನೂ ಹಾಗೇ ಹೇಳುತ್ತಿದ್ದೆ. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಅಪಘಾತದಲ್ಲಿ ತೀರಿಕೊಂಡರಲ್ಲ, ಹಿಂದಿನ ಸೀಟಿನಲ್ಲಿದ್ದರು, ಬೆಲ್ಟ್ ಹಾಕಿರಲಿಲ್ಲ ಅಂತ ಪೊಲೀಸರು ಹೇಳಿದರು. ಅಷ್ಟು ಒಳ್ಳೆಯ ಕಾರು ಅದು. ಆ ವಾರವೇ ನಾನು ಕವರ್ ಕತ್ತರಿಸಿ ಕೊಂಡಿಗಳನ್ನು ಹೊರಗೆ ತೆಗೆದೆ. ಎಲ್ಲರೂ ಇವತ್ತು ಸಂಜೆಯೇ ನಿಮ್ಮ ಕಾರಿನ ಹಿಂದಿನ ಸೀಟಿಗೆ ಕೈ ಹಾಕಿ ನೋಡಿ. ಕೊಂಡಿ ಸಿಗದಿದ್ದರೆ ಮಗುವಿನ ಸೀಟು ತಂದೂ ಪ್ರಯೋಜನ ಇಲ್ಲ.

ವಿರಾಜಪೇಟೆ ಅಮ್ಮ

ಅಣ್ಣ, ಈಗ ಹೋಗಿ ನೋಡಿ ಬಂದೆ. ನಮ್ಮದೂ ಕವರಿನ ಅಡಿಯಲ್ಲೇ ಇದೆ! ನಾಲ್ಕು ವರ್ಷದ ಕಾರು, ಒಂದು ದಿನವೂ ಗಮನಿಸಿರಲಿಲ್ಲ.

ನಾಪೋಕ್ಲು ಅಜ್ಜಿ

ಮಗಳೇ, ನಿನ್ನ ಅತ್ತೆಗೆ ನಾನು ಹೇಳಿದೆ ಅಂತ ಹೇಳು. ಕೂಸನ್ನು ಕಟ್ಟುವುದು ನಮಗೆ ಹೊಸದಲ್ಲ. ತೊಟ್ಟಿಲಲ್ಲಿ ಮಲಗಿಸಿ ಮೇಲೆ ಬಟ್ಟೆ ಕಟ್ಟಿಯೇ ನಾವು ಗದ್ದೆ ಕೆಲಸಕ್ಕೆ ಹೋಗುತ್ತಿದ್ದದ್ದು. ಬೀಳಬಾರದು ಅಂತ ಕಟ್ಟುತ್ತಿದ್ದೆವು, ಶಿಕ್ಷೆಗೆ ಅಲ್ಲ. ನನ್ನ ಮೊಮ್ಮಗ ಹೊರದೇಶದಿಂದ ಬಂದಾಗ ಸೊಸೆ ಕೂಸಿನ ಸೀಟನ್ನು ವಿಮಾನದಲ್ಲಿ ಹೊತ್ತುಕೊಂಡು ಬಂದಿದ್ದಳು. ನನಗೂ ಮೊದಲು ಬೇಜಾರಾಯಿತು. ನನ್ನ ಮಡಿಲು ಇಲ್ಲವಾ ಅಂತ. ಪುತ್ತರಿ ಹಬ್ಬಕ್ಕೆ ನಮ್ಮ ಕುಟುಂಬದ ಮೂಲಮನೆ ಐನ್‌ಮನೆಗೆ ಹೋಗುವಾಗ ಆ ಸೀಟಿನ ಪಕ್ಕ ನಾನೇ ಕೂತೆ. ಕೂಸು ನನ್ನ ಬೆರಳು ಹಿಡಿದುಕೊಂಡೇ ನಿದ್ದೆ ಮಾಡಿತು. ಪಕ್ಕದಲ್ಲಿ ಅಜ್ಜಿ ಇದ್ದರೆ ಸಾಕು ಅದಕ್ಕೆ. ನಿನ್ನ ಅತ್ತೆಯನ್ನು ಸೀಟಿನ ಪಕ್ಕ ಕೂರಿಸು. ಬೇಜಾರು ಹೋಗುತ್ತದೆ.

ಪೊನ್ನಂಪೇಟೆ ಅಕ್ಕ

ಅಜ್ಜಿ ಬರೆದದ್ದು ಓದಿ ಮನಸ್ಸು ತುಂಬಿತು.

ಈಗ ಸೀಟು ತರುವ ವಿಷಯ. ನಮ್ಮದು ಎರಡು ಮಕ್ಕಳ ಅನುಭವ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಬೆಲೆ ಐದಾರು ಸಾವಿರದಿಂದ ಶುರು. ಇಪ್ಪತ್ತು ಸಾವಿರ ದಾಟಿದವೂ ಇವೆ. ಬಣ್ಣ, ಮೆತ್ತೆ ನೋಡಿ ತರಬೇಡಿ. ಹಿಂದೆಯೋ ಅಡಿಯಲ್ಲೋ ಅಂಟಿಸಿರುವ ಗುರುತು ನೋಡಿ. ವಿಶ್ವಸಂಸ್ಥೆಯ ಸುರಕ್ಷತಾ ಮಾನದಂಡದ ಗುರುತು ಆರ್44 ಅಥವಾ ಆರ್129 ಅಂತ ಇರುತ್ತದೆ, ಜೊತೆಗೆ ಸುತ್ತು ಹಾಕಿದ ಇಂಗ್ಲಿಷಿನ ಇ ಅಕ್ಷರ. ನಮ್ಮ ದೇಶದ ಮಾನದಂಡದ ಹೆಸರು ಎಐಎಸ್-072. ಈ ಯಾವ ಗುರುತೂ ಇಲ್ಲದ ಬಟ್ಟೆಯ ಸೀಟುಗಳನ್ನು ಕಡಿಮೆ ಬೆಲೆಗೆ ಮಾರುತ್ತಾರೆ. ಅದು ಕೂರುವ ಮೆತ್ತೆ ಅಷ್ಟೇ.

ಆರ್44ರಲ್ಲಿ ತೂಕದ ಲೆಕ್ಕ. ಹುಟ್ಟಿನಿಂದ 13 ಕಿಲೋವರೆಗೆ ಒಂದು ಗುಂಪು, 9ರಿಂದ 18 ಕಿಲೋ ಇನ್ನೊಂದು, ಹಾಗೆ 36 ಕಿಲೋವರೆಗೆ. ಆರ್129ರಲ್ಲಿ ಎತ್ತರದ ಲೆಕ್ಕ. ಅದರಲ್ಲಿ ಕನಿಷ್ಠ 15 ತಿಂಗಳವರೆಗೆ ಮಗು ಹಿಂದಕ್ಕೆ ಮುಖ ಮಾಡಿಯೇ ಕೂರಬೇಕು. ನಿಮ್ಮ ಮಗುವಿಗೆ ಎಂಟು ತಿಂಗಳು, ಹಾಗಾಗಿ ಮುಂದಕ್ಕೆ ತಿರುಗಿಸುವ ಯೋಚನೆ ಈಗ ಬೇಡವೇ ಬೇಡ. ಕಾಲು ಮಡಚಿಕೊಳ್ಳುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಮಡಚಿಕೊಳ್ಳಲಿ. ಮಕ್ಕಳು ಮನೆಯಲ್ಲೂ ಹಾಗೇ ಕೂರುತ್ತಾರೆ. ಸೀಟಿನಲ್ಲಿ ಬರೆದಿರುವ ತೂಕ ಅಥವಾ ಎತ್ತರ ದಾಟುವವರೆಗೆ ಹಾಗೇ ಇಡುವುದು ಒಳ್ಳೆಯದು.

ಕಾರಿಗೆ ಕಟ್ಟುವುದು ಎರಡು ರೀತಿ. ಹಿಂದಿನ ಸೀಟಿನ ಬೆನ್ನು ಮತ್ತು ಕೂರುವ ಭಾಗದ ನಡುವೆ ಕೈ ಹಾಕಿದರೆ ಎರಡು ಕಬ್ಬಿಣದ ಕೊಕ್ಕೆ ಸಿಗಬಹುದು. ಅದಕ್ಕೆ ಐಸೋಫಿಕ್ಸ್ ಅನ್ನುತ್ತಾರೆ. ಇಲ್ಲದಿದ್ದರೆ ಕಾರಿನ ಬೆಲ್ಟಿನಿಂದಲೇ ಕಟ್ಟುವ ಸೀಟು ತನ್ನಿ. ಹಳೆಯ ಕಾರುಗಳಲ್ಲಿ ನಡುವಿನ ಸೀಟಿಗೆ ಸೊಂಟದ ಪಟ್ಟಿ ಮಾತ್ರ ಇರುತ್ತದೆ, ಹೆಚ್ಚಿನ ಸೀಟುಗಳನ್ನು ಅಲ್ಲಿ ಕಟ್ಟುವುದಕ್ಕೆ ಬರುವುದಿಲ್ಲ. ಕಟ್ಟಿದ ಮೇಲೆ ಬುಡದ ಹತ್ತಿರ ಹಿಡಿದು ಅಲ್ಲಾಡಿಸಿ. ಒಂದು ಇಂಚಿಗಿಂತ ಜಾಸ್ತಿ ಅಲ್ಲಾಡಬಾರದು. ಮುಂದಿನ ಸೀಟಿನಲ್ಲಿ, ಏರ್‌ಬ್ಯಾಗ್ ಇರುವ ಕಡೆ, ಹಿಂದಕ್ಕೆ ಮುಖ ಮಾಡಿದ ಸೀಟನ್ನು ಯಾವತ್ತೂ ಇಡಬೇಡಿ. ಏರ್‌ಬ್ಯಾಗ್ ಸಿಡಿದರೆ ಮಗುವಿನ ತಲೆಯ ಹಿಂದೆಯೇ ಹೊಡೆಯುತ್ತದೆ.

ನಮ್ಮ ಊರಿಗೆ ಅಂತಲೇ ಒಂದು ಮಾತು. ಚಳಿ, ಮಳೆ ಅಂತ ದಪ್ಪ ಸ್ವೆಟರ್, ಜಾಕೆಟ್ ಹಾಕಿ ಅದರ ಮೇಲೆ ಪಟ್ಟಿ ಬಿಗಿಯುತ್ತೇವೆ. ಬಿಗಿಯಾದ ಹಾಗೆ ಕಾಣುತ್ತದೆ, ಆದರೆ ಅಪಘಾತದಲ್ಲಿ ಜಾಕೆಟ್ ಚಪ್ಪಟೆಯಾಗಿ ಪಟ್ಟಿ ಸಡಿಲವಾಗುತ್ತದೆ. ತೆಳ್ಳಗಿನ ಬಟ್ಟೆ ಹಾಕಿ, ಪಟ್ಟಿ ಬಿಗಿದು, ಅದರ ಮೇಲೆ ಕಂಬಳಿ ಹೊದಿಸಿ. ಹೆಗಲ ಹತ್ತಿರ ಪಟ್ಟಿಯನ್ನು ಎರಡು ಬೆರಳಿನಲ್ಲಿ ಚಿವುಟಿ ನೋಡಿ. ಮಡಿಕೆ ಸಿಕ್ಕಿದರೆ ಇನ್ನೂ ಬಿಗಿಯಬೇಕು.

ವಿರಾಜಪೇಟೆ ಅಮ್ಮ

ಅಕ್ಕ, ತುಂಬಾ ಉಪಕಾರ ಆಯಿತು. ವಾಂತಿ ಮತ್ತು ಅಳುವಿನ ಬಗ್ಗೆ?

ಪೊನ್ನಂಪೇಟೆ ಅಕ್ಕ

ಅಳುತ್ತದೆ. ಮೊದಲ ನಾಲ್ಕೈದು ಸಲ ಅಳುತ್ತದೆ. ಮೊದಲು ಸೀಟನ್ನು ಮನೆಯ ಜಗಲಿಯಲ್ಲಿ ಇಟ್ಟು ಆಟಕ್ಕೆ ಕೂರಿಸಿ. ಆಮೇಲೆ ಗೋಣಿಕೊಪ್ಪಕ್ಕೆ ಹೋಗಿಬರುವಷ್ಟು ಸಣ್ಣ ದಾರಿ. ಅತ್ತರೆ ಕಾರು ನಿಲ್ಲಿಸಿ ಎತ್ತಿಕೊಳ್ಳಿ. ಓಡುತ್ತಿರುವಾಗ ಬಿಚ್ಚಬೇಡಿ, ಹಾಲು ಕುಡಿಸುವುದಕ್ಕೂ ಅಷ್ಟೇ. ವಾಂತಿ ಮಡಿಲಲ್ಲಿ ಕೂತರೂ ಆಗುತ್ತದೆ ಅಲ್ವಾ? ಹೊಟ್ಟೆ ತುಂಬಾ ಕುಡಿಸಿದ ಕೂಡಲೇ ಹೊರಡಬೇಡಿ, ಗಾಳಿ ಆಡಲಿ, ತಿರುವಿನಲ್ಲಿ ನಿಧಾನ ಹೋಗಿ.

ಸೋಮವಾರಪೇಟೆ ನರ್ಸ್

ಒಂದು ಸೇರಿಸುತ್ತೇನೆ. ಎಳೆ ಕೂಸನ್ನು ಸೀಟಿನಲ್ಲಿ ಗಂಟೆಗಟ್ಟಲೆ ಬಿಡಬಾರದು. ಗದ್ದ ಎದೆಗೆ ಒತ್ತಿಕೊಂಡರೆ ಉಸಿರಾಟಕ್ಕೆ ತೊಂದರೆ. ಮೈಸೂರಿಗೆ ಎರಡೂವರೆ ಮೂರು ಗಂಟೆ ಆಗುತ್ತದೆ. ನಡುವೆ ಹುಣಸೂರಿನಲ್ಲಿ ನಿಲ್ಲಿಸಿ, ಎತ್ತಿ ಆಡಿಸಿ, ಮತ್ತೆ ಕೂರಿಸಿ. ಮನೆಗೆ ತಲುಪಿದ ಮೇಲೆ ನಿದ್ದೆ ಮಾಡುತ್ತಿದೆ ಅಂತ ಸೀಟಿನಲ್ಲೇ ಬಿಡಬೇಡಿ. ಹಾಸಿಗೆಯಲ್ಲಿ ಮಲಗಿಸಿ.

ಗರ್ಭಿಣಿಯರೂ ಬೆಲ್ಟ್ ಹಾಕಬೇಕು. ಕೆಳಗಿನ ಪಟ್ಟಿ ಹೊಟ್ಟೆಯ ಮೇಲೆ ಅಲ್ಲ, ಅಡಿಯಲ್ಲಿ, ತೊಡೆಯ ಬುಡಕ್ಕೆ ಬರಬೇಕು.

ಸಿದ್ದಾಪುರ ತೋಟ

ನನ್ನ ಪ್ರಶ್ನೆ ಬೇರೆ. ನಮ್ಮಲ್ಲಿ ಇರುವುದು ಹಳೆಯ ಜೀಪು. ಹಿಂದೆ ಎದುರುಬದುರು ಕೂರುವ ಅಡ್ಡ ಸೀಟು. ತೋಟದಿಂದ ಮಗನನ್ನು ಶಾಲೆಗೆ ಬಿಡುವುದು ಅದರಲ್ಲೇ. ಅವನಿಗೆ ನಾಲ್ಕು ವರ್ಷ. ಅಡ್ಡ ಸೀಟಿಗೆ ಮಕ್ಕಳ ಸೀಟು ಕಟ್ಟಬಹುದಾ?

ಸುಂಟಿಕೊಪ್ಪದ ಅಪ್ಪ

ಕಟ್ಟಬಾರದು. ಮಕ್ಕಳ ಸೀಟುಗಳನ್ನು ಅಡ್ಡ ಕೂರುವ ಸೀಟಿಗೆ ಮಾಡಿರುವುದೇ ಇಲ್ಲ. ಬಡಿದಾಗ ಮೈ ಪಕ್ಕಕ್ಕೆ ತಿರುಚಿಕೊಳ್ಳುತ್ತದೆ. ನಿಮ್ಮ ಜೀಪಿನ ಮುಂದಿನ ಸೀಟಿಗೆ ಹೆಗಲ ಮೇಲೆ ಬರುವ ಬೆಲ್ಟ್ ಇದೆಯಾ? ಏರ್‌ಬ್ಯಾಗ್ ಇಲ್ಲದ ಹಳೆಯ ಗಾಡಿಯಾದರೆ, ಬೇರೆ ದಾರಿ ಇಲ್ಲದಿದ್ದರೆ, ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ ಅಲ್ಲಿ ಅವನ ತೂಕಕ್ಕೆ ಸರಿಯಾದ ಸೀಟು ಕಟ್ಟಿ. ಮನೆಯಲ್ಲಿ ಕಾರು ಇದ್ದರೆ ಶಾಲೆಗೆ ಅದರಲ್ಲೇ ಬಿಡಿ.

ಸಿದ್ದಾಪುರ ತೋಟ

ಬೆಲ್ಟ್ ಇದೆ. ಕಾರಿಲ್ಲ. ಮುಂದೆಯೇ ಕಟ್ಟುತ್ತೇನೆ. ಲೈನ್‌ಮನೆಯ (ತೋಟದ ಕೆಲಸದವರ ಮನೆಗಳ) ಮಕ್ಕಳು ಐದಾರು ಜನ ಹಿಂದೆ ಕೂತು ಬರುತ್ತಾರೆ, ಅವರನ್ನು ಏನು ಮಾಡಲಿ ಅಂತ ಈಗ ಯೋಚನೆ ಶುರುವಾಯಿತು. ಅವರೂ ಮಕ್ಕಳೇ.

ಮಡಿಕೇರಿ ಮೇಷ್ಟ್ರು

ಸಿದ್ದಾಪುರದ ಸರ್, ನೀವು ಆ ಮಾತು ಎತ್ತಿದ್ದು ಒಳ್ಳೆಯದಾಯಿತು. ಶಾಲೆಯ ಬಾಗಿಲಲ್ಲಿ ನಿಂತು ದಿನಾ ನೋಡುವವನು ನಾನು. ಎಂಟು ಜನ ಕೂರುವ ಗಾಡಿಯಲ್ಲಿ ಹದಿನೈದು ಮಕ್ಕಳು ಇಳಿಯುತ್ತಾರೆ. ಮಕ್ಕಳ ಬೆನ್ನಿನ ಚೀಲವೇ ಬಾಗಿಲಿಗೆ ಒತ್ತಿಕೊಂಡಿರುತ್ತದೆ. ಎರಡು ಸಲ ಓಡಿಸಿದರೆ ಡೀಸೆಲ್ ಜಾಸ್ತಿ ಆಗುತ್ತದೆ, ನಿಜ. ಒಂದು ಸಲಕ್ಕೆ ಮುಂದಕ್ಕೆ ಮುಖ ಮಾಡಿ ಬೆಲ್ಟ್ ಹಾಕಿ ಕೂರುವಷ್ಟು ಜನ ಮಾತ್ರ. ಪೋಷಕರು ಒಟ್ಟಾಗಿ ಖರ್ಚು ಹಂಚಿಕೊಂಡರೆ ಆಗುತ್ತದೆ, ನಮ್ಮಲ್ಲಿ ಎರಡು ಕಡೆ ಹಾಗೆ ಮಾಡಿದ್ದಾರೆ.

ಕಾನೂನು ಕೂಡ ಸ್ಪಷ್ಟವಾಗಿದೆ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 194ಬಿ ಸೆಕ್ಷನ್ ಓದಿ. 14 ವರ್ಷದೊಳಗಿನ ಮಗು ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಕೂತಿದ್ದರೆ ಓಡಿಸುವವರಿಗೆ ದಂಡ. ಕಾಯ್ದೆಯಲ್ಲಿ 1000 ರೂಪಾಯಿ ಅಂತ ಇದೆ.

ದೊಡ್ಡ ಮಕ್ಕಳನ್ನು ನಾವು ಮರೆಯುತ್ತೇವೆ. ಆರೇಳು ವರ್ಷದ ಮಗುವಿಗೆ ಕಾರಿನ ಬೆಲ್ಟ್ ಕುತ್ತಿಗೆಗೆ ಬರುತ್ತದೆ. ಕೊರೆಯುತ್ತದೆ ಅಂತ ಮಗು ಅದನ್ನು ಬೆನ್ನ ಹಿಂದೆ ಹಾಕಿಕೊಳ್ಳುತ್ತದೆ. ಆಗ ಅದು ಹೊಟ್ಟೆಯನ್ನು ಮಾತ್ರ ಹಿಡಿಯುತ್ತದೆ. ಒಳಗಿನ ಅಂಗಗಳಿಗೆ ಪೆಟ್ಟು ಬೀಳುವುದು ಹಾಗೆ. ಅದಕ್ಕೆ ಬೂಸ್ಟರ್ ಸೀಟ್ ಬೇಕು. ಮಗುವನ್ನು ಸ್ವಲ್ಪ ಎತ್ತರಕ್ಕೆ ಕೂರಿಸಿದರೆ ಪಟ್ಟಿ ಹೆಗಲಿನ ನಡುವೆ, ಸೊಂಟದ ಮೂಳೆಯ ಮೇಲೆ ಬರುತ್ತದೆ. ಸುಮಾರು 145 ಸೆಂಟಿಮೀಟರ್ ಎತ್ತರ ಆಗುವವರೆಗೆ ಅದು ಬೇಕು. ಅಂದರೆ ಹತ್ತು ಹನ್ನೊಂದು ವರ್ಷದವರೆಗೂ. 13 ವರ್ಷದವರೆಗೆ ಹಿಂದಿನ ಸೀಟೇ ಒಳ್ಳೆಯದು.

ವಾರದ ಕೊನೆಗೆ ರಾಜಾಸೀಟ್ ರಸ್ತೆಯಲ್ಲಿ ಮಕ್ಕಳು ಕಾರಿನ ಮೇಲಿನ ಕಿಂಡಿಯಿಂದ ಅರ್ಧ ಮೈ ಹೊರಗೆ ಹಾಕಿ ನಿಂತಿರುತ್ತಾರೆ. ಮೇಲೆ ಮರದ ಕೊಂಬೆ, ವಿದ್ಯುತ್ ತಂತಿ. ನೋಡಿದಾಗಲೆಲ್ಲ ಕೈ ಮಾಡಿ ನಿಲ್ಲಿಸಿ ಹೇಳುತ್ತೇನೆ. ಕೆಲವರು ಬೈದು ಹೋಗುತ್ತಾರೆ. ಪರವಾಗಿಲ್ಲ.

ಶನಿವಾರಸಂತೆ ಸ್ಕೂಟರ್

ನಮ್ಮಲ್ಲಿ ಕಾರೇ ಇಲ್ಲ. ಸ್ಕೂಟರಿನಲ್ಲಿ ಮಗಳನ್ನು ಮುಂದೆ ನಿಲ್ಲಿಸಿಕೊಂಡು ಅಂಗನವಾಡಿಗೆ ಬಿಡುತ್ತೇನೆ. ಮೂರು ವರ್ಷ.

ಮಡಿಕೇರಿ ಮೇಷ್ಟ್ರು

ಮುಂದೆ ನಿಲ್ಲಿಸಬೇಡಮ್ಮ. ಬ್ರೇಕ್ ಹಾಕಿದರೆ ಹ್ಯಾಂಡಲಿಗೇ ಬಾಯಿ ಬಡಿಯುತ್ತದೆ. ಇದಕ್ಕೂ ನಿಯಮ ಇದೆ. 2022ರಲ್ಲಿ ಪ್ರಕಟವಾಗಿ 2023ರ ಫೆಬ್ರುವರಿಯಿಂದ ಜಾರಿಗೆ ಬಂತು. ನಾಲ್ಕು ವರ್ಷದೊಳಗಿನ ಮಗುವನ್ನು ಓಡಿಸುವವರ ಮೈಗೆ ಸೇರಿಸಿ ಕಟ್ಟುವ ಪಟ್ಟಿ ಇರಬೇಕು. ಒಂಬತ್ತು ತಿಂಗಳು ದಾಟಿದ ಮಗುವಿಗೆ ಅದರ ತಲೆಗೆ ಸರಿಹೊಂದುವ ಹೆಲ್ಮೆಟ್ ಬೇಕು. ವೇಗ 40 ದಾಟಬಾರದು. ಮಗುವನ್ನು ಹಿಂದೆ ಕೂರಿಸಿ ನಿನ್ನ ಬೆನ್ನಿಗೆ ಪಟ್ಟಿ ಕಟ್ಟಿಕೋ. ಹೆಲ್ಮೆಟ್ ಚಿಕ್ಕ ಅಳತೆಯದು ಸಿಗುತ್ತದೆ. ದೊಡ್ಡವರದ್ದು ಹಾಕಬೇಡ.

ಕುಶಾಲನಗರ ಟ್ಯಾಕ್ಸಿ

ಬೆಲ್ಟಿನ ಬೀಪ್ ಶಬ್ದ ನಿಲ್ಲಿಸಲು ಒಂದು ಸುಳ್ಳು ಕ್ಲಿಪ್ ಸಿಗುತ್ತಿತ್ತಲ್ಲ, ನಮ್ಮ ಸ್ಟ್ಯಾಂಡಿನಲ್ಲೂ ತುಂಬಾ ಜನ ಹಾಕಿದ್ದರು. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಗೆ ಅದನ್ನು ತೆಗೆಯಲು ಆದೇಶ ಮಾಡಿತು. ನಿಮ್ಮ ಕಾರಿನಲ್ಲಿ ಇದ್ದರೆ ಕಿತ್ತು ಎಸೆಯಿರಿ. ಅಪ್ಪ ಬೆಲ್ಟ್ ಹಾಕದೆ ಮಗುವಿಗೆ ಹಾಕು ಅಂದರೆ ಮಗು ಕೇಳುತ್ತದಾ?

ಸಂಪಾಜೆಯವ

ಎಲ್ಲವನ್ನೂ ಓದಿದೆ. ನೀರಿಗೆ ಬೀಳುವ ಭಯ ನನಗೆ ಇನ್ನೂ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ನರ್ಸ್ ತಂಗಿ ಹೇಳಿದ ಲಾರಿಯ ಮಾತು ತಲೆಯಿಂದ ಹೋಗುತ್ತಿಲ್ಲ. ಕೊಯಿನಾಡಿನ ಹತ್ತಿರ ಒಂದು ತಿರುವಿನಲ್ಲಿ ನನಗೇ ಎರಡು ಸಲ ಹಾಗೆ ಆಗಿದೆ. 30ರ ವೇಗ ಎಷ್ಟು ಎತ್ತರದಿಂದ ಬಿದ್ದ ಹಾಗೆ ಅಂತ ಯಾರಾದರೂ ಲೆಕ್ಕ ಹಾಕಿ ಹೇಳಿ.

ಸುಂಟಿಕೊಪ್ಪದ ಅಪ್ಪ

ಮೂರೂವರೆ ಮೀಟರ್. ಮನೆಯ ಒಂದು ಮಹಡಿಯ ಎತ್ತರಕ್ಕಿಂತ ಸ್ವಲ್ಪ ಜಾಸ್ತಿ ಅಂದುಕೊಳ್ಳಿ.

ಸಂಪಾಜೆಯವ

ನನ್ನ ಸಣ್ಣವನಿಗೆ ಐದು ವರ್ಷ, 17 ಕಿಲೋ. ಅವನಿಗೆ ಯಾವ ಸೀಟು ತರಬೇಕು ಅಂತ ಪೊನ್ನಂಪೇಟೆ ಅಕ್ಕ ಹೇಳಬಹುದಾ?

ಪೊನ್ನಂಪೇಟೆ ಅಕ್ಕ

ಖಂಡಿತ ಹೇಳುತ್ತೇನೆ ಅಣ್ಣ. ಬೆನ್ನಿಗೆ ಒರಗು ಇರುವ, 15ರಿಂದ 36 ಕಿಲೋವರೆಗೆ ಅಂತ ಬರೆದಿರುವ ಬೂಸ್ಟರ್ ನೋಡಿ. ಇನ್ನೂ ಐದಾರು ವರ್ಷ ಆಗುತ್ತದೆ. ಹಿಂದೆ ಹೆಗಲ ಮೇಲೂ ಬರುವ ಬೆಲ್ಟ್ ಇದ್ದರೆ ಸಾಕು, ಐಸೋಫಿಕ್ಸ್ ಇಲ್ಲದಿದ್ದರೂ ಕೆಲಸ ಮಾಡುತ್ತದೆ.

ವಿರಾಜಪೇಟೆಯ ತಂಗಿ, ನನ್ನ ಸಣ್ಣ ಮಗಳ ಹಳೆಯ ಸೀಟು ಮನೆಯಲ್ಲಿದೆ. 18 ಕಿಲೋವರೆಗಿನದು, ಎರಡೂ ಕಡೆ ತಿರುಗಿಸಿ ಕಟ್ಟಬಹುದು. ನಾನೇ ಹೊಸದಾಗಿ ತಂದದ್ದು, ಮೂರು ವರ್ಷ ಆಗಿದೆ, ಯಾವ ಅಪಘಾತವೂ ಆಗಿಲ್ಲ, ಪುಸ್ತಕವೂ ಇದೆ. ಗೊತ್ತಿಲ್ಲದವರ ಹಳೆಯ ಸೀಟು ತೆಗೆದುಕೊಳ್ಳಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ, ಒಂದು ಸಲ ಪೆಟ್ಟು ತಿಂದ ಸೀಟು ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಬಿರುಕು ಬಿಟ್ಟಿರಬಹುದು. ನನ್ನದನ್ನು ನೀವು ಬಂದು ನೋಡಿ, ಮನಸ್ಸಿಗೆ ಬಂದರೆ ತೆಗೆದುಕೊಂಡು ಹೋಗಿ. ದುಡ್ಡಿನ ಮಾತು ಬೇಡ.

ವಿರಾಜಪೇಟೆ ಅಮ್ಮ

ಹತ್ತು ದಿನ ಆಯಿತು, ಹೇಳಬೇಕು ಅನಿಸಿತು. ಗೋಣಿಕೊಪ್ಪದ ಸಂತೆಗೆ ಹೋದ ದಿನ ಹಾಗೇ ಪೊನ್ನಂಪೇಟೆಗೆ ಹೋಗಿ ಅಕ್ಕನಿಂದ ಸೀಟು ತಂದೆವು. ಇವರು ಕವರ್ ಕತ್ತರಿಸಿ ಕೊಂಡಿ ಹೊರಗೆ ತೆಗೆದರು. ಮೊದಲ ಸಲ ಕಟ್ಟಿದಾಗ ಸೀಟು ಅಲ್ಲಾಡುತ್ತಿತ್ತು. ಅಕ್ಕನೇ ಮೊಣಕಾಲಿನಲ್ಲಿ ಸೀಟಿನ ಮೇಲೆ ಒತ್ತಿ ಬೆಲ್ಟ್ ಎಳೆಯುವುದನ್ನು ತೋರಿಸಿಕೊಟ್ಟರು. ಹಾಗೆ ಎಳೆದ ಮೇಲೆ ಗಟ್ಟಿಯಾಗಿ ನಿಂತಿತು.

ನಿನ್ನೆ ಮೈಸೂರಿಗೆ ಹೋಗಿ ಬಂದೆವು. ಗೋಣಿಕೊಪ್ಪದವರೆಗೂ ಅಳು. ಎರಡು ಸಲ ನಿಲ್ಲಿಸಿದೆವು. ಅತ್ತೆ ಪಕ್ಕದಲ್ಲಿ ಕೂತು ಹಾಡು ಹೇಳಿದರು. ತಿತಿಮತಿ ಬರುವಷ್ಟರಲ್ಲಿ ಅತ್ತೆಯ ಬೆರಳು ಹಿಡಿದುಕೊಂಡು ನಿದ್ದೆ ಹೋಯಿತು, ನಾಪೋಕ್ಲು ಅಜ್ಜಿ ಹೇಳಿದ ಹಾಗೆಯೇ. ಆನೆಚೌಕೂರಿನ ಆ ಜಾಗ ಬಂದಾಗ ನನ್ನ ಎದೆ ಹೊಡೆದುಕೊಂಡಿತು. ಇವರು ನಿಧಾನ ಮಾಡಿದರು. ಹಿಂದೆ ತಿರುಗಿ ನೋಡಿದೆ, ಮಗು ಮಲಗಿತ್ತು.

ವಾಪಸ್ ಬರುವಾಗ ಹುಣಸೂರಿನಲ್ಲಿ ಕಾಫಿಗೆ ನಿಲ್ಲಿಸಿ ಮತ್ತೆ ಹೊರಟೆವು. ನಾನು ಮಗುವಿನ ಪಟ್ಟಿ ಬಿಗಿಯುತ್ತಿದ್ದೆ. ಪಕ್ಕದಲ್ಲಿ ಟಕ್ ಅಂತ ಶಬ್ದ ಕೇಳಿತು. ನೋಡಿದರೆ ಅತ್ತೆ ತಮ್ಮ ಬೆಲ್ಟ್ ತಾವೇ ಹಾಕಿಕೊಂಡಿದ್ದರು.